ರಾಮಟೇಕಿನಲ್ಲಿ ಬೀಗರ ಕಾವಲು

ನಾವು ನಾಗಪುರದಲ್ಲಿದ್ದ ಆ ವರ್ಷಗಳಲ್ಲಿ ಥಂಡಿಗಾಲ ಬಂತೆಂಬುದು ನಮಗೆ ಮೂಗಿನಿಂದ ತಿಳಿಯುತ್ತಿತ್ತು. ಅವ್ವ ಬೆಳಗ್ಗೆ ಶಗಡಿ ಹೊತ್ತಿಸಿ, ಹಿಂದಿನ ದಿನ ತಿಂದು ಉಳಿದ ಸಂತ್ರಾ, ಅಂದರೆ ಕಿತ್ತಳೆಯ, ಸಿಪ್ಪೆಗಳನ್ನು ಕೆಂಡದ ಮೇಲೆ ಹಾಕುತ್ತಿದ್ದಳು. ಅವು ಚಿಟಿಚಿಟಿ ಸುಟ್ಟು, ಸಣ್ಣ ನೀಲಿ ಉರಿ ಎದ್ದು, ರೈಲ್ವೆ ಕ್ವಾರ್ಟರ್ಸಿನ ಎರಡೂ ಕೋಣೆಗಳಲ್ಲಿ ಘಮ ತುಂಬುತ್ತಿತ್ತು. ಸಾಲಿನ ಎಲ್ಲ ಮನೆಗಳಲ್ಲೂ ಅದೇ ವಾಸನೆ. ನಾವು ಹುಡುಗಿಯರು ಹಸಿ ಸಿಪ್ಪೆಯನ್ನು ಮಡಿಚಿ ಒಬ್ಬರ ಕಣ್ಣಿಗೆ ಒಬ್ಬರು ರಸ ಚಿಮ್ಮಿಸಿ, ಉರಿಗಣ್ಣು ಮಾಡಿಕೊಂಡು ಬೈಸಿಕೊಳ್ಳುತ್ತಿದ್ದೆವು. ಅಂಥ ಒಂದು ಥಂಡಿಗಾಲದಲ್ಲಿ, ನನಗೆ ಒಂಬತ್ತೋ ಹತ್ತೋ ವರ್ಷವಿದ್ದಾಗ, ನಮ್ಮ ಶಾರದತ್ತಿಯನ್ನು ವರನ ಕಡೆಯವರು ನೋಡುವ ಕಾರ್ಯ ಮನೆಯಲ್ಲಿ ಆಗದೆ ರಾಮಟೇಕಿನ ಗುಡ್ಡದ ಮೇಲೆ ಆಯಿತು.

ಶಾರದತ್ತಿ ಅಪ್ಪನ ತಂಗಿ. ಅಪ್ಪ ರೈಲ್ವೆಯ ಸರಕಿನ ಕಚೇರಿಯಲ್ಲಿ ಗುಮಾಸ್ತನಾಗಿ ಧಾರವಾಡದ ಕಡೆಯಿಂದ ಬಂದಾಗ ಅಜ್ಜಿಯೂ ಅತ್ತಿಯೂ ಜೊತೆಗೆ ಬಂದಿದ್ದರು. ಅತ್ತಿ ಗಟ್ಟಿಮುಟ್ಟಾದ ಹೆಣ್ಣು. ಬಾವಿಯಿಂದ ಎರಡು ಕೊಡ ಒಟ್ಟಿಗೆ ತರುತ್ತಿದ್ದಳು, ಜೋರಾಗಿ ನಗುತ್ತಿದ್ದಳು, ನನಗೆ ಜಡೆ ಹಾಕುವಾಗ ಒಂದು ಕೂದಲೂ ಎಳೆಯದಂತೆ ಹಾಕುತ್ತಿದ್ದಳು. ಅವಳ ಓರಗೆಯವರಿಗೆಲ್ಲ ಮದುವೆಯಾಗಿ ಮಕ್ಕಳಾಗಿದ್ದರೂ ಅವಳಿಗೆ ಗಂಡು ಕೂಡಿ ಬಂದಿರಲಿಲ್ಲ. ಕಾರಣ, ಅವಳು ಮೂಲಾ ನಕ್ಷತ್ರದಲ್ಲಿ ಹುಟ್ಟಿದವಳು. ಮೂಲಾ ನಕ್ಷತ್ರದವಳು ಸೊಸೆಯಾಗಿ ಬಂದರೆ ಮಾವ ಉಳಿಯುವುದಿಲ್ಲ ಎಂಬ ನಂಬಿಕೆ ನಮ್ಮ ಮಂದಿಯಲ್ಲಿ ಆಗ ಗಟ್ಟಿಯಾಗಿತ್ತು. ಜಾತಕ ಕೈಗೆ ಬಂದ ಕೂಡಲೇ ಎಲ್ಲರೂ ಅದನ್ನು ಬಿಸಿ ಪಾತ್ರೆಯಂತೆ ಕೆಳಗಿಟ್ಟುಬಿಡುತ್ತಿದ್ದರು. ಅದಕ್ಕೆ ಅಜ್ಜಿ ಹುಡುಕುತ್ತಿದ್ದುದು ಒಂದೇ, ಮಾವನಿಲ್ಲದ ಮನೆ.

ಆ ಮನೆ ಅಜ್ಜಿಗೆ ಸಿಕ್ಕಿದ್ದು ಸೀತಾಬರ್ಡಿಯ ಒಂದು ಭಜನೆಯಲ್ಲಿ. ನಾಗಪುರದ ಕನ್ನಡದ ಹೆಂಗಸರು ತಿಂಗಳಿಗೊಮ್ಮೆ ಯಾರಾದರೊಬ್ಬರ ಮನೆಯಲ್ಲಿ ಸೇರುತ್ತಿದ್ದರು. ಆ ದಿನ ಪಕ್ಕದ ಕಾಮ್ಟಿ ಊರಿನಿಂದ ಉಮಾಬಾಯಿ ಎಂಬುವರು ಮೊದಲ ಸಲ ಬಂದಿದ್ದರು. ಮೈತುಂಬ ಶಾಲು ಹೊದ್ದಿದ್ದರು. ಮನೆಯಾಕೆ ಕುಂಕುಮದ ಭರಣಿ ಹಿಡಿದು ಒಬ್ಬೊಬ್ಬರಿಗೂ ಹಚ್ಚುತ್ತ ಬಂದಾಗ ಉಮಾಬಾಯಿ ಎದ್ದು, ಸೆರಗನ್ನು ಹಣೆಯ ಮೇಲೆ ಎಳೆದುಕೊಂಡು, "ನಂಗ ಬ್ಯಾಡ್ರಿ" ಎಂದು ಹಿಂದೆ ಸರಿದು, ಗೋಡೆಯ ಬದಿಗೆ ಕೂತಿದ್ದ ನಮ್ಮ ಅಜ್ಜಿಯ ಪಕ್ಕಕ್ಕೆ ಬಂದು ಕೂತರು. ಅಜ್ಜಿ ಅಲ್ಲಿ ಕೂರುತ್ತಿದ್ದುದು ತಾನು ಗಂಡನನ್ನು ಕಳೆದುಕೊಂಡವಳು ಎಂಬ ಕಾರಣಕ್ಕೆ. ಕುಂಕುಮ ಒಲ್ಲೆ ಎಂದು ಅದೇ ಮೂಲೆಗೆ ಬಂದು ಕೂತ ಹೆಂಗಸನ್ನು ಅಜ್ಜಿ ಬೇರೆ ಏನು ತಿಳಿದಾಳು? ತನ್ನನ್ನು ಯಾರಾದರೂ "ನಿಮ್ಮ ಯಜಮಾನರು?" ಎಂದು ಕೇಳಿದಾಗ ಆಗುವ ಸಂಕಟ ಅವಳಿಗೆ ಗೊತ್ತಿತ್ತು. ಆದ್ದರಿಂದ ಕೇಳಲಿಲ್ಲ. "ಮನಿಯಾಗ ಯಾರ್ಯಾರು ಇರ್ತೀರಿ?" ಎಂದಷ್ಟೇ ಕೇಳಿದಳು.

"ನಾನು ಮತ್ತ ನಮ್ಮ ಮಾಧವ. ಇಬ್ಬರs" ಎಂದರು ಉಮಾಬಾಯಿ. "ಮಾಧವ ಸಾಲಿ ಮಾಸ್ತರ ಇದ್ದಾನ. ಲಗ್ನ ಮಾಡಬೇಕು. ಚಲೋ ಹುಡುಗಿ ಇದ್ರ ಹೇಳ್ರಿ."

ಅಜ್ಜಿ ಮನೆಗೆ ಬಂದವಳು ಚಪ್ಪಲಿ ಬಿಡುವುದಕ್ಕೂ ಮೊದಲೇ ಅವ್ವನಿಗೆ ಹೇಳಿದಳು. "ಪಾಪ, ನನ್ನಂಗs ಅದಾಳ. ಆದ್ರ ದೇವರು ನಮ್ಮ ಶಾರದಾಗ ಒಂದು ಬಾಗಲಾ ತೆರದಾನ."

ಅಪ್ಪ ಕಾಮ್ಟಿಗೆ ಹೋದಾಗ ಹುಡುಗನ ಬಗ್ಗೆ ವಿಚಾರಿಸಿ ಬಂದ. ನಡತೆ ಒಳ್ಳೆಯದು, ಬೀಡಿ ಸಹ ಸೇದುವುದಿಲ್ಲ ಎಂದರಂತೆ. ತಂದೆಯ ವಿಷಯ ಅಪ್ಪನೂ ಕೇಳಲಿಲ್ಲ. ಇಲ್ಲದವರ ಬಗ್ಗೆ ಕೇಳುವುದೇನು? ಜಾತಕ ಇನ್ನೂ ಕೊಟ್ಟಿರಲಿಲ್ಲ. ಮೊದಲು ಹುಡುಗ ಹುಡುಗಿ ಒಪ್ಪಲಿ ಎಂದು ಎರಡೂ ಕಡೆಯವರು ಅಂದುಕೊಂಡಿದ್ದರು. ಉಮಾಬಾಯಿಯೇ ರಾಮಟೇಕಿನ ಮಾತು ತೆಗೆದರು. "ದೇವರ ದರ್ಶನಾನೂ ಆಗತದ, ಒಬ್ಬರಿಗೊಬ್ಬರು ನೋಡಿಧಂಗೂ ಆಗತದ. ಮನಿಯಾಗ ಹುಡುಗೀನ್ನ ಕೂಡಿಸಿ ಉಪ್ಪಿಟ್ಟು ತಿನ್ನೂದಕ್ಕಿಂತ ಇದು ಬರೋಬರ್" ಎಂದಿದ್ದರಂತೆ.

ಭಾನುವಾರ ಬೆಳಗ್ಗೆ ರಾಮಟೇಕಿನ ರೈಲು ಹತ್ತಿದೆವು. ಅವ್ವ ಕಟ್ಟಿಕೊಂಡಿದ್ದ ಬುತ್ತಿಯ ವಾಸನೆ ಈಗಲೂ ನನ್ನ ಮೂಗಿನಲ್ಲಿದೆ: ಎಣ್ಣೆ ಹಚ್ಚಿದ ಚಪಾತಿ, ಶೇಂಗಾ ಚಟ್ನಿ, ಬದನೆಕಾಯಿ ಪಲ್ಯ, ಬಾಳೆಲೆಯಲ್ಲಿ ಸುತ್ತಿದ ಮೊಸರನ್ನ. ಅಜ್ಜಿ ಹೊರಗೆ ಏನೂ ತಿನ್ನುವವಳಲ್ಲ, ಅವಳಿಗೆ ಬೇರೆ ಬಟ್ಟೆಯಲ್ಲಿ ಬಾಳೆಹಣ್ಣು. ಶಾರದತ್ತಿ ಹಸಿರು ಇಲಕಲ್ ಸೀರೆ ಉಟ್ಟಿದ್ದಳು. ಆ ದಿನ ನಗಬಾರದು ಎಂದು ಅವಳಿಗೆ ಹೇಳಿಟ್ಟಿದ್ದರು. ಕಾಮ್ಟಿಯಲ್ಲಿ ಉಮಾಬಾಯಿಯೂ ಮಾಧವರಾಯರೂ ಹತ್ತಿದರು. ಮಾಧವರಾಯರು ತೆಳ್ಳಗೆ, ಕನ್ನಡಕ ಹಾಕಿಕೊಂಡು, ಇಡೀ ದಾರಿ ಕಿಟಕಿಯ ಹೊರಗಿನ ಗದ್ದೆಗಳಿಗೆ ಪರೀಕ್ಷೆ ಇಟ್ಟವರಂತೆ ನೋಡುತ್ತ ಕೂತರು. ಕನ್ಹಾನ್ ಹೊಳೆಯ ಸೇತುವೆ ಬಂದಾಗ ಮಾತ್ರ, "ನೀರು ಕಡಿಮಿ ಅದ" ಎಂದರು. ಯಾರಿಗೆ ಹೇಳಿದರೋ ಗೊತ್ತಿಲ್ಲ. "ಮಳಿ ಕಡಿಮಿ ಆತಲ್ಲ" ಎಂದು ಅತ್ತಿ ಹೇಳಿದಳು. ಅವ್ವ ಅತ್ತಿಯ ಮೊಣಕೈ ಚಿವುಟಿದಳು.

ರಾಮಟೇಕಿನಲ್ಲಿ ಇಳಿಯುವಾಗ ಪ್ಲಾಟ್‌ಫಾರ್ಮಿನ ಮೇಲೆ ದಪ್ಪನೆಯ, ಕರೀ ಕೋಟು ತೊಟ್ಟ, ಮೀಸೆಯ ತುದಿ ಮೇಲಕ್ಕೆ ತಿರುವಿದ ಒಬ್ಬ ಹಿರಿಯರು ಬೆತ್ತ ಎತ್ತಿ ಬೀಸುತ್ತ ನಮ್ಮ ಡಬ್ಬಿಯತ್ತ ಬರುತ್ತಿದ್ದರು.

"ಯಾರವರು?" ಎಂದು ಅಜ್ಜಿ ಕೇಳಿದಳು.

ಉಮಾಬಾಯಿ ನಾಚಿದಂತೆ ಮಾಡಿ, "ನಮ್ಮವರು" ಎಂದರು. "ಇಲ್ಲೇ ಮ್ಯಾಂಗನೀಸ್ ಗಣಿಯೊಳಗ ಗುಮಾಸ್ತ ಇದ್ದಾರ. ಗಣೀ ಕ್ವಾರ್ಟರ್ಸಿನಾಗ ಇರ್ತಾರ. ತಿಂಗಳಿಗೊಮ್ಮೆ ಕಾಮ್ಟಿಗೆ ಬಂದು ಹೋಗ್ತಾರ."

ಅಜ್ಜಿ ಡಬ್ಬಿಯ ಬಾಗಿಲಿನ ಹಿಡಿಯನ್ನು ಹಿಡಿದು ಹಾಗೆಯೇ ನಿಂತಳು. ಹಿಂದಿನವರು "ಬಾಈ, ಜಲ್ದಿ ಉತರಾ" ಎಂದು ಮರಾಠಿಯಲ್ಲಿ ಗದರಿದ ಮೇಲೆ ಇಳಿದಳು. ಅವ್ವ ಮೆಲ್ಲಗೆ ಉಮಾಬಾಯಿಯ ಹಣೆಯ ವಿಷಯ ತೆಗೆದಳು. ಉಮಾಬಾಯಿ ಶಾಲು ಸರಿಸಿದಾಗ ಕೊರಳಲ್ಲಿ ತಾಳಿಯೂ ಕರಿಮಣಿಯೂ ಸರಿಯಾಗಿಯೇ ಇದ್ದವು. "ಪ್ಯಾಟಿ ಕುಂಕುಮಾ ಹಚ್ಚಿ ಹಣಿ ತುಂಬ ಹುಣ್ಣಾಗ್ಯಾವ ನೋಡ್ರಿ. ಮಾಯೂತನಕಾ ಏನೂ ಹಚ್ಚಬ್ಯಾಡಂತ ಡಾಕ್ಟರು ಹೇಳ್ಯಾರ. ಮಂದಿ ಏನರ ತಪ್ಪು ತಿಳಕೊಂಡಾರಂತ ನಾನು ಹೆಚ್ಚಾಗಿ ಎಲ್ಲೂ ಹೊರಗs ಹೋಗಂಗಿಲ್ಲ."

ಹಣಮಂತರಾಯರು, ಅದೇ ಆ ಹಿರಿಯರ ಹೆಸರು, ಎಲ್ಲರಿಗೂ ಕೈಮುಗಿದು, ನನ್ನ ಗಲ್ಲ ಹಿಂಡಿ, ಎರಡು ಟಾಂಗಾಗಳಲ್ಲಿ ನಮ್ಮನ್ನು ಹತ್ತಿಸಿದರು. "ಇವತ್ತು ನಿಮಗ ಒಂದು ಕಲ್ಲೂ ಬಿಡದಂಗ ತೋರಸ್ತೀನಿ. ಪ್ರತಿ ಐತವಾರ ಈ ಗುಡ್ಡಾ ಹತ್ತತೀನಿ. ಇಲ್ಲೀ ಮಂಗ್ಯಾಗೋಳಿಗೂ ನನ್ನ ಗುರುತದ" ಎಂದರು.

ಟಾಂಗಾ ಎಲೆಬಳ್ಳಿಯ ತೋಟಗಳ ನಡುವಿನ ದಾರಿಯಲ್ಲಿ ಹೋಗಿ ಅಂಬಾಳಾ ಕೆರೆಯ ಬಳಿ ನಿಂತಿತು. ಸುತ್ತಲೂ ಕಲ್ಲಿನ ಸ್ನಾನಘಟ್ಟಗಳು, ಪುಟ್ಟ ಪುಟ್ಟ ಹಳೆಯ ಗುಡಿಗಳು, ನೀರಿನಲ್ಲಿ ಅವುಗಳ ತಲೆಕೆಳಗಾದ ಗೋಪುರಗಳು. ಹಣಮಂತರಾಯರು ಮಗನನ್ನೂ ಹೆಂಡತಿಯನ್ನೂ ಕರೆದುಕೊಂಡು ಪೂಜೆಯ ಹೂವು ತರಲು ಹೋದದ್ದೇ ತಡ, ನಮ್ಮವರೆಲ್ಲ ಘಟ್ಟದ ಮೇಲೆ ಒಟ್ಟಾದರು.

"ಬದುಕ್ಯಾನ" ಎಂದಳು ಅಜ್ಜಿ. ಆ ಮನುಷ್ಯ ಬದುಕಿರುವುದನ್ನು ಅಷ್ಟು ದುಃಖದಿಂದ ಹೇಳಿದ್ದನ್ನು ಕೇಳಿ ಅವಳಿಗೇ ಅಸಹ್ಯವಾಗಿರಬೇಕು, ಕೂಡಲೇ ಗಲ್ಲಗಲ್ಲ ಬಡಿದುಕೊಂಡಳು. "ದೇವರು ಅವರನ್ನ ನೂರು ವರ್ಷ ಇಡಲಿ."

"ಇನ್ನ ಹೇಳಬೇಕು, ಇಲ್ಲಾ ಇಲ್ಲಿಂದನ ತಿರುಗಿ ಹೋಗಬೇಕು" ಎಂದಳು ಅವ್ವ.

ಅಪ್ಪ ಕೆರೆಯ ನೀರು ನೋಡುತ್ತ ನಿಧಾನವಾಗಿ ಹೇಳಿದ. "ಹುಟ್ಟಿದ ವ್ಯಾಳ್ಯಾ ಒಂದೀಟು ಮುಂದ ಹಾಕಿದ್ರ ಪೂರ್ವಾಷಾಢಾ ಆಗತದ. ಎಷ್ಟೋ ಮಂದಿ ಹಂಗ ಬರಸ್ತಾರ. ಯಾರು ನೋಡಲಿಕ್ಕೆ ಹೋಗ್ಯಾರ?"

"ಬರದದ್ದು ತಿದ್ದಬಹುದು. ಹುಟ್ಟಿದ್ದು ತಿದ್ದಲಿಕ್ಕೆ ಬರತದೇನು?" ಅಜ್ಜಿಯ ದನಿ ಏರಿತು. "ನಾಳೆ ಆ ಮನಷ್ಯಾಗ ಏನರ ಆದ್ರ ಆ ಉಮಾಬಾಯಿ ನನ್ನ ಮೂಲಿಗೆ ಬಂದು ಕೂಡಬೇಕಾಗತದ, ಖರೇನ. ಆವಾಗ ಆಕಿ ಮಾರಿ ನಾ ಹ್ಯಾಂಗ ನೋಡಲಿ?"

ಶಾರದತ್ತಿ ಘಟ್ಟದ ಕೊನೆಯ ಮೆಟ್ಟಿಲ ಮೇಲೆ ನಿಂತಿದ್ದಳು. ಹಸಿರು ಸೀರೆಯ ಅಂಚು ನೀರಿಗೆ ತಾಗುತ್ತಿತ್ತು, ಅದನ್ನು ಎತ್ತಿಕೊಳ್ಳಲಿಲ್ಲ. ಇದೂ ತಪ್ಪಿದರೆ ಇನ್ನು ತನಗೆ ಯಾರೂ ಬರುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ನಮಗೂ ಗೊತ್ತಿತ್ತು.

ಅಷ್ಟರಲ್ಲಿ ಹೂವಿನ ಬುಟ್ಟಿ ಹಿಡಿದ ಹಣಮಂತರಾಯರು ಪಾಚಿಗಟ್ಟಿದ ಮೆಟ್ಟಿಲ ಮೇಲೆ ಟಪಟಪ ಇಳಿದು ಬರುವುದು ಕಂಡಿತು. ಅಜ್ಜಿಯ ಬಾಯಿಂದ "ಜ್ವಾಕಿ, ಜ್ವಾಕಿ" ಎಂಬ ಕೂಗು ತಾನಾಗಿ ಹೊರಟಿತು. ಆಮೇಲೆ ಅವಳು ನನ್ನನ್ನು ಹತ್ತಿರ ಎಳೆದುಕೊಂಡು ಕಿವಿಯಲ್ಲಿ ಹೇಳಿದಳು. "ಕುಸುಮೀ, ಇವತ್ತು ಇಡೀ ದಿನ ಅವರ ಕೈ ಹಿಡಕೊಂಡಿರು. ಬಿಟ್ಟಿ ಅಂದ್ರ ನೋಡು. ಅವರು ಜಾರಬಾರದು, ಬೀಳಬಾರದು, ಎಡವಬಾರದು."

"ಯಾಕ?"

"ನಮ್ಮ ಶಾರದಾನ ನೆಳ್ಳು ಅವರ ಮ್ಯಾಲ ಬೀಳಲಿಕ್ಹತ್ತೇದ. ಅದಕ್ಕ."

ಲಗ್ನವೇ ನಿಶ್ಚಯವಾಗದೆ ನಕ್ಷತ್ರ ಕೆಲಸ ಶುರುಮಾಡುತ್ತದೆಯೇ ಎಂದು ಕೇಳುವ ಬುದ್ಧಿ ನನಗೆ ಆಗ ಇರಲಿಲ್ಲ. ನಾನು ಓಡಿಹೋಗಿ ಹಣಮಂತರಾಯರ ಕೈ ಹಿಡಿದೆ. ಅದು ಬೆಚ್ಚಗೆ, ತಂಬಾಕಿನ ವಾಸನೆಯ, ದೊಡ್ಡ ಕೈ. ಅವರಿಗೆ ಎಲ್ಲಿಲ್ಲದ ಸಂತೋಷವಾಯಿತು. "ನೋಡ್ರೆಪಾ, ಈ ಕೂಸಿಗೆ ನಾ ಎಷ್ಟು ಜಲ್ದಿ ಸೇರಿದೆ" ಎಂದು ಎಲ್ಲರಿಗೂ ತೋರಿಸಿದರು. ದಾರಿಯಲ್ಲಿ ಹಣ್ಣಿನವಳ ಹತ್ತಿರ ಸಂತ್ರಾ ಕೊಂಡು, ಮೇಲೆ ಹೋಗಿ ನನಗೆ ಕೊಡುವುದಕ್ಕೆಂದು ಕೋಟಿನ ಕಿಸೆಗಳಲ್ಲಿ ತುಂಬಿಕೊಂಡರು.

ಆ ಗುಡ್ಡ ಹತ್ತಿದ್ದನ್ನು ನಾನು ಮರೆಯಲಾರೆ. ಕೆರೆಯಿಂದ ಕಲ್ಲಿನ ಮೆಟ್ಟಿಲುಗಳು ಕಾಡಿನ ನಡುವೆ ಏರುತ್ತ ಹೋಗುತ್ತವೆ. ಅಲ್ಲಲ್ಲಿ ಕಲ್ಲುಗಳು ಸವೆದು ಬಟ್ಟಲಿನಂತಾಗಿದ್ದವು. ಎರಡೂ ಬದಿಗೆ ಸೀತಾಫಲದ ಗಿಡಗಳು, ಒಣಗಿದ ಎಲೆ, ಕರೀ ಮುಖದ ದೊಡ್ಡ ಮಂಗಗಳು. ಹಣಮಂತರಾಯರು ಒಂದು ಕಡೆಯೂ ಸುಮ್ಮನೆ ನಡೆಯುವವರಲ್ಲ. ಹಳೆಯ ಮೆಟ್ಟಿಲುಬಾವಿ ಬಂದರೆ, ಅದರ ಗೋಡೆಯೊಳಗಿನ ಕತ್ತಲ ಕೋಣೆ ತೋರಿಸಲು ಅಂಚಿನ ಮೇಲೆ ಬಗ್ಗುವರು. ಕೋಟೆಯ ಗೋಡೆ ಬಂದರೆ, ಕೆಳಗಿನ ಊರು ಕಾಣುವ ಒಡೆದ ಕಿಂಡಿಯಲ್ಲಿ ತಲೆ ತೂರಿಸುವರು. ಹಳೆಯ ಆಲದ ಬಿಳಲು ಕಂಡರೆ ಜೋತುಬೀಳುವರು. ನಾನು ಅವರ ಕೈಯನ್ನು ಎರಡೂ ಕೈಯಿಂದ ಹಿಡಿದು ಹಿಂದಕ್ಕೆ ಜಗ್ಗುತ್ತಿದ್ದೆ. ಮಡಿಯ ಅಜ್ಜಿ ಮುಟ್ಟುವಂತಿಲ್ಲ, ಆದರೂ ಅವರ ಹಿಂದೆಯೇ ನಡೆಯುತ್ತ ಬಾಯಿಂದಲೇ ಅವರನ್ನು ಹಿಡಿದಿದ್ದಳು.

"ಅಲ್ಲೆ ಬಗ್ಗಬ್ಯಾಡ್ರಿ ರಾಯರ."

"ಆ ಕಲ್ಲು ಅಳ್ಳಾಡತದ ನೋಡ್ರಿ."

"ಮಂಗ್ಯಾಗ ಕೈ ಮುಂದ ಮಾಡಬ್ಯಾಡ್ರಿ, ಕಡಿದ್ರ ನಂಜಾಗತದ."

"ದಮ್ಮು ಹತ್ತೇದ, ಕೂಡ್ರಿ. ಎದಿ ಬಡಕೊಳ್ಳಿಕ್ಹತ್ತಿರಬೇಕು."

"ನನ್ನ ಎದಿಗೆ ಏನಾಗೇದ್ರಿ ಅವ್ವಾರ" ಎಂದು ಅವರು ನಗುತ್ತಿದ್ದರು. ಉಮಾಬಾಯಿಗೆ ಮಾತ್ರ ಇದು ತುಂಬ ಹಿಡಿಸಿತು. "ನಾ ಮೂವತ್ತು ವರ್ಷ ಹೇಳಿದ್ದು ಇವರು ಕೇಳಿಲ್ಲ. ನೀವರ ಹೇಳ್ರಿ. ಇಂಥಾ ಕಾಳಜೀ ಮಂದಿ ಬೀಗರಾಗಿ ಸಿಗಬೇಕು" ಎಂದರು. ಅಜ್ಜಿಯ ಮುಖ ಇನ್ನಷ್ಟು ಸಣ್ಣದಾಯಿತು.

ಮೊದಲ ದೊಡ್ಡ ಬಾಗಿಲ ಹತ್ತಿರ ಒಂದು ಕಲ್ಲಿನ ವರಾಹ ನಿಂತಿದೆ, ಕೆಂಪು ಹಚ್ಚಿದ, ಎಮ್ಮೆಗಿಂತ ದೊಡ್ಡದಾದ ಹಂದಿಯ ರೂಪ. ಅದರ ನಾಲ್ಕು ಕಾಲುಗಳ ನಡುವೆ ಹೊಟ್ಟೆಯ ಕೆಳಗೆ ಜನ ತೆವಳಿ ಆ ಕಡೆಗೆ ಹೊರಬರುತ್ತಾರೆ. ಪಾಪ ಮಾಡಿದವರು ನಡುವೆ ಸಿಕ್ಕಿಕೊಳ್ಳುತ್ತಾರೆ ಎಂಬುದು ಅಲ್ಲಿಯ ನಂಬಿಕೆ ಎಂದು ಹಣಮಂತರಾಯರು ಹೇಳಿದರು. ನಾವು ಹೋದಾಗ ಹಳ್ಳಿಯ ಯಾತ್ರಿಕರ ದೊಡ್ಡ ಗುಂಪು ಅಲ್ಲಿ ಸಾಲುಗಟ್ಟಿತ್ತು. "ಇಳಿಯೂಮುಂದ ನೋಡೋಣಂತ" ಎಂದು ಮುಂದೆ ನಡೆದೆವು.

ಬಾಗಿಲ ನಂತರ ಬಾಗಿಲು. ಪ್ರತಿಯೊಂದರಲ್ಲೂ ತಂಪು ಕತ್ತಲೆ, ಬಾವಲಿಯ ವಾಸನೆ. ಮೇಲೆ ರಾಮನ ಗುಡಿಯಲ್ಲಿ ದರ್ಶನವಾಗಿ, ಚಪಾತಿ ತಿಂದಾದ ಮೇಲೆ, ಹಣಮಂತರಾಯರು ಬಯಲು ಕಾಣುವ ಕಟ್ಟೆಗೆ ನನ್ನನ್ನು ಕರೆದುಕೊಂಡು ಹೋದರು. ಅಥವಾ ನಾನೇ ಅವರನ್ನು ಹಿಡಿದುಕೊಂಡು ಹೋದೆ. ದೂರದಲ್ಲಿ ಕೆರೆಗಳು, ಗಣಿಯ ಕಪ್ಪು ಮಣ್ಣಿನ ಗುಡ್ಡೆಗಳು, ಹೊಗೆಯಂಥ ಬಿಸಿಲು. ನಮ್ಮ ಹಿಂದೆಯೇ ಶಾರದತ್ತಿ ಬಂದಳು. ಗಂಡನ್ನು ನೋಡಲು ಬಂದ ಹುಡುಗಿ ಹೀಗೆ ಒಬ್ಬಳೇ ಬಂದು ವರನ ತಂದೆಯ ಮುಂದೆ ನಿಲ್ಲುವುದನ್ನು ಆ ಕಾಲದಲ್ಲಿ ಯಾರೂ ಕಂಡಿರಲಿಕ್ಕಿಲ್ಲ.

"ಕಾಕಾರ, ನಂದು ಮೂಲಾ ನಕ್ಷತ್ರ" ಎಂದಳು.

ಅವರು ಬೆತ್ತವನ್ನು ಕಟ್ಟೆಗೆ ಒರಗಿಸಿಟ್ಟರು.

"ನೀವು ಇಲ್ಲಂತ ತಿಳದು ನಮ್ಮವರು ಮಾತು ತಗದಾರ. ಕಾಕು ಹಣಿ ನೋಡಿ ತಪ್ಪು ತಿಳಕೊಂಡ್ರು. ಮೋಸಾ ಮಾಡಬೇಕಂತ ಅಲ್ಲ. ನಮ್ಮವ್ವಗ ಹೇಳಲಿಕ್ಕೆ ಬಾಯಿ ಬರವಲ್ಲದು. ಅದಕ್ಕ ನಾ ಹೇಳಿದೆ." ಅವಳ ಕೈ ಸೆರಗಿನ ತುದಿಯನ್ನು ಸುತ್ತಿ ಸುತ್ತಿ ಹಗ್ಗ ಮಾಡಿತ್ತು.

ಹಣಮಂತರಾಯರು ನನ್ನನ್ನು ನೋಡಿದರು. "ಅದಕ್ಕs ಏನವಾ ನೀ ಮುಂಜಾನಿಂದ ನನ್ನ ಕೈ ಬಿಡವಲ್ಲಿ?"

ನಾನು ಹೌದೆಂದು ತಲೆಯಾಡಿಸಿದೆ.

ಅವರ ಮೀಸೆ ಅಲುಗಿತು. ನಗು ಬಂದಿತ್ತೋ ಬೇಸರವಾಗಿತ್ತೋ ನನಗೆ ತಿಳಿಯಲಿಲ್ಲ. "ನನ್ನ ಜೀಂವದ ಬಗ್ಗೆ ನನಗ ಹೆದರಿಕಿಲ್ಲ ತಂಗಿ. ಗಣಿಯೊಳಗ ಇಷ್ಟು ವರ್ಷ ಉಳದೇನಿ. ಆದ್ರ ನನ್ನ ಜೀಂವಾ ನನ್ನೊಬ್ಬಂದs ಅಲ್ಲ. ಆಕಿಗೆ ಹೇಳಬೇಕು." ಹಾಗೆಂದು ಗುಡಿಯ ನೆರಳಿನಲ್ಲಿ ಕೂತಿದ್ದ ಹೆಂಡತಿಯ ಹತ್ತಿರ ಹೋಗಿ ಹೇಳಿದರು. ನಾನು ಆಗಲೂ ಕೈ ಬಿಟ್ಟಿರಲಿಲ್ಲ, ಆದ್ದರಿಂದ ಎಲ್ಲ ನೋಡಿದೆ. ಉಮಾಬಾಯಿ ಕರಿಮಣಿಯನ್ನು ಹೊರಗೆ ತೆಗೆದು ಕೈಯಲ್ಲಿ ಹಿಡಿದುಕೊಂಡರು. "ಚಲೋ, ಇಳಿಯೋಣ" ಎಂದರು. ಅಷ್ಟೇ.

ಇಳಿಯತೊಡಗಿದೆವು. ಅಪ್ಪ ಮುಂದೆ, ತಲೆ ತಗ್ಗಿಸಿ. ಅವ್ವ ಬುತ್ತಿಯ ಗಂಟು ಹೊತ್ತು. ಮಾಧವರಾಯರು ಎರಡು ಸಲ ಹಿಂತಿರುಗಿ ಅತ್ತಿಯನ್ನು ನೋಡಿದರು; ಮೊದಲ ಸಲಕ್ಕಿಂತ ಎರಡನೆಯ ಸಲ ಹೆಚ್ಚು ಹೊತ್ತು. ಅಜ್ಜಿಗೆ ವಿಷಯ ತಿಳಿದು, ಅವಳ ಬಾಯಿಂದ ಎಚ್ಚರಿಕೆಯ ಮಾತುಗಳೂ ನಿಂತುಹೋಗಿದ್ದವು. ಅದೇ ಹೆಚ್ಚು ಹೆದರಿಕೆ ಹುಟ್ಟಿಸಿತು.

ವರಾಹದ ಹತ್ತಿರ ಬಂದಾಗ ಯಾತ್ರಿಕರು ಕಡಿಮೆಯಾಗಿದ್ದರು. ಹಣಮಂತರಾಯರು ನಿಂತು, ಬೆತ್ತ ಮಗನ ಕೈಗೆ ಕೊಟ್ಟರು. "ನಾ ನುಸುಳಿ ಬರ್ತೀನಿ. ದೇವರಿಗೆ ನನ್ನ ಮ್ಯಾಲ ಏನರ ಸಿಟ್ಟಿದ್ರ ಇಲ್ಲೇ ಇವತ್ತೇ ತಿಳೀತದ. ನಕ್ಷತ್ರಾ ಕಟಗೊಂಡು ಏನು ಮಾಡೂದು?"

"ಬ್ಯಾಡ" ಎಂದರು ಉಮಾಬಾಯಿ.

"ಬ್ಯಾಡ್ರಿ ರಾಯರ" ಎಂದಳು ಅಜ್ಜಿಯೂ.

ಅವರು ಕೇಳುವವರಲ್ಲ. ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ನೆಲಕ್ಕೆ ಮಂಡಿಯೂರಿ, ಹಂದಿಯ ಹೊಟ್ಟೆಯ ಕೆಳಗೆ ತಲೆ ತೂರಿಸಿದರು. ತಲೆ ಹೋಯಿತು, ಹೆಗಲು ಹೋಯಿತು. ಆಮೇಲೆ ಹೋಗುವುದು ನಿಂತಿತು. ಈ ಕಡೆ ಕಾಲುಗಳು ಒಮ್ಮೆ ಒದ್ದವು. ಆ ಕಡೆಯಿಂದ ಕೆಮ್ಮು ಕೇಳಿತು.

"ಸಿಕ್ಕೊಂಡ್ರು" ಎಂದ ಅಪ್ಪ. ಪಕ್ಕದಲ್ಲಿದ್ದ ಒಬ್ಬ ಮುದುಕಿ, "ಅರೇ ದೇವಾ, ಪಾಪೀ ಆಹೇ" ಎಂದು ಮರಾಠಿಯಲ್ಲಿ ಹೇಳಿ ಸಮೀಪ ಬಂದು ನೋಡತೊಡಗಿದಳು. ಮಾಧವರಾಯರು ತಂದೆಯ ಕಾಲು ಹಿಡಿದು ಹಿಂದಕ್ಕೆ ಎಳೆದರು. ಅವರು ಇನ್ನೂ ಬಿಗಿಯಾಗಿ ಸಿಕ್ಕಿ ಕೆಮ್ಮಿದರು. ಉಮಾಬಾಯಿ ನೆಲಕ್ಕೆ ಕುಸಿದು, "ನಾ ಏನು ಮಾಡಲಿ, ಹಿಂಗಾಗತದಂತ ನಂಗ ಗೊತ್ತಿತ್ತು" ಎಂದು ಅಳತೊಡಗಿದರು. ಅಜ್ಜಿ ಕಣ್ಣು ಮುಚ್ಚಿ ರಾಯರ ಹೆಸರನ್ನು ಜಪಿಸುತ್ತಿದ್ದಳು, ಮಂತ್ರಾಲಯದ ರಾಯರದೋ ಈ ರಾಯರದೋ ತಿಳಿಯದಂತೆ.

ಅತ್ತಿ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಆ ಕಡೆಗೆ ಸುತ್ತಿ ಹೋಗಿ, ಧೂಳಿನಲ್ಲಿ ಅಡ್ಡಬಿದ್ದು, ತಾನೂ ಹೊಟ್ಟೆಯ ಕೆಳಗೆ ಕೈ ತೂರಿಸಿದಳು. "ಕಾಕಾರ, ಒದ್ದಾಡಬ್ಯಾಡ್ರಿ. ಉಸಿರು ಬಿಡ್ರಿ. ಪೂರಾ ಬಿಡ್ರಿ." ಅವಳ ಕೈ ಏನನ್ನೋ ತಡಕುತ್ತಿತ್ತು. ಆಮೇಲೆ ಅವಳು ನಕ್ಕಳು. ಇಡೀ ದಿನ ನಗಬಾರದು ಎಂದು ಹೇಳಿದ್ದ ಆ ಜೋರಾದ ನಗು. "ಮಾಸ್ತರ, ನಿಮ್ಮ ತಂದಿಯವರು ಪಾಪಿ ಅಲ್ಲ. ಅವರ ಕಿಸೆ ಪಾಪಿ."

ಅವಳು ಒಂದು ಸಂತ್ರಾ ಹೊರಗೆ ತೆಗೆದು ಉರುಳಿಸಿದಳು. ಇನ್ನೊಂದು. ಮತ್ತೊಂದು. ನನಗೆ ಕೊಡುವುದಕ್ಕೆಂದು ಎರಡೂ ಕಿಸೆಗಳಲ್ಲಿ ತುಂಬಿಕೊಂಡು ಮರೆತೇಬಿಟ್ಟಿದ್ದ ಹಣ್ಣುಗಳು, ಜಜ್ಜಿ ರಸ ಸುರಿಯುತ್ತ, ವರಾಹದ ಕಾಲ ಬಳಿಯಿಂದ ಇಳಿಜಾರಿನಲ್ಲಿ ಉರುಳಿ ಹೋದವು. ಒಂದನ್ನು ಮಂಗ ಹಿಡಿದುಕೊಂಡು ಗೋಡೆ ಏರಿತು. ಕೋಟು ಸಡಿಲವಾಯಿತು. ಅತ್ತಿ ಅವರ ಎರಡೂ ಕೈ ಹಿಡಿದು, ಕಾಲು ಕಲ್ಲಿಗೆ ಒತ್ತಿ ಎಳೆದಳು. ಹಣಮಂತರಾಯರು ಧೂಳು, ಕುಂಕುಮ, ಸಂತ್ರಾ ರಸ ಎಲ್ಲ ಮೆತ್ತಿಕೊಂಡು ಆಚೆಗೆ ಬಂದು ಬಿದ್ದರು.

ಅವರು ಕೂತು, ಮೀಸೆ ಒರೆಸಿಕೊಂಡು, ಹೆಂಡತಿಯ ಕಡೆ ನೋಡಿ, "ಬದುಕೇನಿ" ಎಂದರು.

ಉಮಾಬಾಯಿಯ ಅಳು ಹೇಗೆ ನಗುವಾಯಿತೋ ನಾನು ನೋಡಲಿಲ್ಲ, ಅಷ್ಟು ಬೇಗ ಆಯಿತು. ಅವರು ನಕ್ಕದ್ದು ನೋಡಿ ಅವ್ವ ನಕ್ಕಳು, ಆ ಮರಾಠಿ ಮುದುಕಿಯೂ ನಕ್ಕಳು. ಮಾಧವರಾಯರು ಕನ್ನಡಕ ತೆಗೆದು ಒರೆಸಿದರು. ಅಜ್ಜಿ ಮಾತ್ರ ಗೋಡೆಗೆ ಒರಗಿ ನಿಂತು ಉಸಿರು ಬಿಡುತ್ತಲೇ ಇದ್ದಳು, ಬೆಳಗಿನಿಂದ ಹಿಡಿದಿಟ್ಟಿದ್ದ ಉಸಿರನ್ನೆಲ್ಲ.

ಕೆಳಗೆ ಕೆರೆಯ ಹತ್ತಿರ ಅತ್ತಿ ಮುಖ ತೊಳೆಯುತ್ತಿದ್ದಾಗ ಉಮಾಬಾಯಿ ಅಜ್ಜಿಯ ಪಕ್ಕದಲ್ಲಿ ಬಂದು ಕೂತರು. "ನಾ ಎಷ್ಟು ಹೆದರಿದ್ದೆ ಅಂದ್ರ, ಇಳಿಯೂಮುಂದ ಮನಸಿನ್ಯಾಗ ಇಲ್ಲ ಅಂದುಬಿಟ್ಟಿದ್ದೆ" ಎಂದರು. "ಈಗೂ ಹೆದರಿಕಿ ಹೋಗಿಲ್ಲ, ಖರೆ ಹೇಳ್ತೀನಿ. ಆದ್ರ ನೋಡ್ರಿ, ನಾವೆಲ್ಲಾ ಅಳಕೋತ ನಿಂತಿದ್ವಿ. ಆಕಿ ಒಬ್ಬಾಕಿ ಕೈ ಹಾಕಿದ್ಲು. ಇವರಿಗೆ ಇನ್ನ ಮುಂದ ಹಿಂಗ ಎಲ್ಲ್ಯರ ಸಿಕ್ಕೊಳ್ಳೂದು ಇದ್ದದ್ದs. ತಗಿಯವರು ಬೇಕಲ್ಲ ಮನಿಯಾಗ."

"ಜಾತಕಾ?" ಎಂದ ಅಪ್ಪ, ಬಾಯಿ ತಪ್ಪಿ.

"ಕೇಳಿಯಾತಲ್ಲ, ಹುಡುಗೀ ಬಾಯಿಂದನ" ಎಂದರು ಹಣಮಂತರಾಯರು. "ಇನ್ನ ಕಾಗದಾ ಯಾಕ?"

ಶಾರದತ್ತಿಯ ಮದುವೆ ವೈಶಾಖದಲ್ಲಿ ಆಯಿತು. ಬೀಗರನ್ನು ನಾಗಪುರದ ಸ್ಟೇಷನ್ನಿನಲ್ಲಿ ಇಳಿಸಿಕೊಳ್ಳಲು ಹೋದಾಗ ನಾನು ಅಭ್ಯಾಸದಿಂದ ಹಣಮಂತರಾಯರ ಕೈ ಹಿಡಿದೆ. "ಇನ್ನೂ ಕಾವಲೇನು?" ಎಂದು ಅವರು ಕೇಳಿದರು.

ಕಾವಲು ನಿಜವಾಗಿ ಬಿಟ್ಟವಳಲ್ಲ ಅಜ್ಜಿ. ಕಾಮ್ಟಿಯಿಂದ ಯಾರು ಬಂದರೂ, ಅತ್ತಿಯೇ ಬಂದರೂ, ಅವಳ ಮೊದಲ ಪ್ರಶ್ನೆ, "ಬೀಗರು ಹ್ಯಾಂಗಿದ್ದಾರ?" ಆಮೇಲೆ ಮಗಳ ವಿಷಯ. ಹಣಮಂತರಾಯರಿಗೆ ನೆಗಡಿಯಾಯಿತೆಂದರೆ ಶುಂಠಿ ಕಷಾಯದ ಪುಡಿ ಕುಟ್ಟಿ ಕಳಿಸುವಳು. ಅವರಿಗೆ ತಂಬಾಕು ಬಿಡಿಸಿದವಳೂ ಅವಳೇ. ಉಮಾಬಾಯಿ ಬೈದು ಬೈದು ಆಗದೇ ಇದ್ದದ್ದು, ಅಜ್ಜಿ ಒಂದು ಸಂಕ್ರಾಂತಿಯ ದಿನ ಎದುರು ಕೂತು ಕೈಮುಗಿದದ್ದರಿಂದ ಆಯಿತು. ಶಾರದತ್ತಿಗೆ ಮೊದಲ ಮಗುವಾದಾಗ ತೊಟ್ಟಿಲಿಗಿಂತ ಮೊದಲು ಅಜ್ಜಿ ನೋಡಿದ್ದು ಹೊರಗಿನ ಜಗಲಿಯಲ್ಲಿ ಬೀಗರು ಗಟ್ಟಿಯಾಗಿ ಕೂತಿದ್ದಾರೆಯೇ ಎಂದು.

ನಾನು ಮ್ಯಾಟ್ರಿಕ್ ಮುಗಿಸಿದ ವರ್ಷ ಅಜ್ಜಿ ಹಾಸಿಗೆ ಹಿಡಿದಳು. ಕೊನೆಯ ದಿನಗಳಲ್ಲಿ ನಮ್ಮ ಗುರುತೂ ತಪ್ಪುತ್ತಿತ್ತು. ಒಂದು ಮಧ್ಯಾಹ್ನ ಕಣ್ಣು ತೆರೆದು, "ಬೀಗರು?" ಎಂದಳು. ಹಣಮಂತರಾಯರು ಅವಳ ಕಾಲ ಬಳಿ ಸ್ಟೂಲಿನ ಮೇಲೆ ಕೂತಿದ್ದರು. ಬಗ್ಗಿ, ಕಿವಿಯ ಹತ್ತಿರ ಹೇಳಿದರು. "ಇಲ್ಲೇ ಇದ್ದೀನ್ರಿ ಅವ್ವಾರ. ಚಲೋ ಇದ್ದೀನಿ. ನೋಡ್ರಿ." ಅಜ್ಜಿ ನೋಡಿದಳು. ಹಣೆಯ ಗೆರೆಗಳು ಸಡಿಲವಾದವು. ಅಷ್ಟು ವರ್ಷ ಅವರಿಗಾಗಿ ಹೆದರಿದ ಅವಳೇ ಮೊದಲು ಹೋದಳು, ಅವರು ಆಮೇಲೂ ಬಹಳ ವರ್ಷ ಇದ್ದರು, ಬೆತ್ತವಿಲ್ಲದೆಯೇ ರಾಮಟೇಕು ಹತ್ತುತ್ತಿದ್ದರು.

ಈಗ ಆ ನಂಬಿಕೆಗಳು ಎಷ್ಟೋ ಕಡಿಮೆಯಾಗಿವೆ. ನನ್ನ ಮಗಳ ಮದುವೆಯಲ್ಲಿ ಯಾರೂ ನಕ್ಷತ್ರ ಕೇಳಲಿಲ್ಲ, ನಾನೂ ಹೇಳಲಿಲ್ಲ, ಎಲ್ಲ ಸುಸೂತ್ರವಾಗಿ ಮುಗಿಯಿತು. ಒಬ್ಬ ಹುಡುಗಿ ತನ್ನ ಹುಟ್ಟಿಗಾಗಿ ಅಷ್ಟು ಜನರ ಮುಂದೆ ಬೆವರಬೇಕಾಗಿಲ್ಲ ಎಂಬುದು ದೊಡ್ಡ ಸಮಾಧಾನ. ಅತ್ತಿಗೂ ಹಾಗೆಯೇ ಅನಿಸುತ್ತದೆ, ಮೊನ್ನೆ ಅವಳೇ ಹೇಳಿದಳು. ನನ್ನ ಬೀಗರು ಪುಣೆಯಲ್ಲಿದ್ದಾರೆ, ತುಂಬ ಒಳ್ಳೆಯವರು. ಹೋದ ಮಳೆಗಾಲದಲ್ಲಿ ಅವರು ಮೆಟ್ಟಿಲ ಮೇಲೆ ಜಾರಿ ಬಿದ್ದು ಸೊಂಟ ಮುರಿದುಕೊಂಡು ಆಸ್ಪತ್ರೆಯಲ್ಲಿದ್ದರಂತೆ. ಮನೆಗೆ ಬಂದು, ನಡೆಯುವುದಕ್ಕೂ ಶುರುಮಾಡಿದ ಮೇಲೆ ನಮಗೆ ತಿಳಿಯಿತು; ಅದುವರೆಗೆ ನಾನೂ ಕೇಳಿರಲಿಲ್ಲ. ಮಗಳು ಬೇರೆ ಏನೋ ಮಾತಿನ ನಡುವೆ ಹೇಳಿದಳು. ಈಗ ಆರಾಮ ಇದ್ದಾರೆ ಎಂದಳು. ನಾನು ಸರಿ ಎಂದು ಫೋನ್ ಇಟ್ಟೆ.